ಸರ್ಚ್ ಟ್ರಾಫಿಕ್ ಬಿದ್ದಾಗ: ಯಾವುದನ್ನು ತಕ್ಷಣ ಸರಿಪಡಿಸಬೇಕು, ಯಾವುದನ್ನು ಮುಟ್ಟದೆ ಬಿಡಬೇಕು

ಗೂಗಲ್ ಹುಡುಕಾಟದಿಂದ ಸೈಟಿಗೆ ಬರುವವರ ಗ್ರಾಫ್‌ನ ಗೆರೆ ಇಳಿದದ್ದು ಕಂಡ ಕೂಡಲೇ ಸೈಟಿನ ಒಡೆಯರು ಮಾಡುವ ಕೆಲಸ ಹೆಚ್ಚುಕಡಿಮೆ ಒಂದೇ ತೆರನಾದದ್ದು. ಶೀರ್ಷಿಕೆಗಳನ್ನು ತಿದ್ದುತ್ತಾರೆ, ಹಳೆಯ ಪುಟಗಳನ್ನು ಅಳಿಸುತ್ತಾರೆ, ಎಸ್‌ಇಒ (ಹುಡುಕಾಟದಲ್ಲಿ ಮೇಲೆ ಬರಲು ನೆರವಾಗುವ) ಪ್ಲಗಿನ್ ಬದಲಿಸುತ್ತಾರೆ, ಸಾಲದ್ದಕ್ಕೆ ಥೀಮನ್ನೂ ಬದಲಿಸುತ್ತಾರೆ. ಸಂಜೆಯ ಹೊತ್ತಿಗೆ ಐದಾರು ಕಡೆ ಕೈಯಾಡಿಸಿ ಆಗಿರುತ್ತದೆ. ಎರಡು ವಾರದ ನಂತರ ಗೆರೆ ಏರಲಿ, ಇನ್ನೂ ಇಳಿಯಲಿ, ಯಾವುದರಿಂದ ಹಾಗಾಯಿತೆಂದು ಹೇಳಲು ಬರುವುದಿಲ್ಲ. ಕೆರೆದು ಹುಣ್ಣು ಮಾಡಿಕೊಳ್ಳುವುದು ಅಂದರೆ ಇದೇ.

ಹಾಗೆಂದು ಎಲ್ಲ ಕುಸಿತಕ್ಕೂ ತಾಳ್ಮೆ ಮದ್ದಾಗದು. ನೋಇಂಡೆಕ್ಸ್ (ಈ ಪುಟವನ್ನು ಹುಡುಕಾಟದಲ್ಲಿ ತೋರಿಸಬೇಡ ಎಂಬ ಸೂಚನೆ) ಅಂಟಿಕೊಂಡ ಸೈಟು ವರ್ಷ ಕಾದರೂ ಮೇಲೇಳುವುದಿಲ್ಲ. ಅದಕ್ಕೇ ಇಲ್ಲಿನ ಕ್ರಮ ಹೀಗಿದೆ: ಮೊದಲು ಅಳತೆಯೇ ತಪ್ಪಿದೆಯೇ ನೋಡಿ, ಆಮೇಲೆ ತಾಂತ್ರಿಕ ದೋಷ ಹುಡುಕಿ. ಎರಡೂ ಇಲ್ಲವೆಂದು ಖಾತ್ರಿಯಾದ ಮೇಲಷ್ಟೇ ಫಲಿತಾಂಶಗಳಲ್ಲಿ ಸಿಗುವ ಸ್ಥಾನದ, ಅಂದರೆ ರ‍್ಯಾಂಕಿಂಗ್ ಬಗ್ಗೆ ಯೋಚಿಸಿ. ಮೊದಲ ಎರಡಕ್ಕೆ ಅರ್ಧ ದಿನ ಸಾಕು. ಕಾಯುವ ಮಾತು ಬರುವುದು ಮೂರನೆಯದಕ್ಕೆ ಮಾತ್ರ. ಗೂಗಲ್ ಸರ್ಚ್ ಕನ್ಸೋಲ್‌ನಲ್ಲಿ (ಗೂಗಲ್ ಹುಡುಕಾಟದಲ್ಲಿ ಸೈಟು ಹೇಗೆ ಕಾಣುತ್ತಿದೆ ಎಂದು ಒಡೆಯರಿಗೆ ತೋರಿಸುವ ಸಾಧನ) ನಿಮ್ಮ ಸೈಟು ಸೇರಿದೆ ಎಂದಿಟ್ಟುಕೊಂಡು ಮುಂದೆ ಹೋಗೋಣ. ಸೇರಿಸಿಲ್ಲದಿದ್ದರೆ ಇವತ್ತೇ ಸೇರಿಸಿ, ಏಕೆಂದರೆ ಸೇರಿಸುವುದಕ್ಕೆ ಹಿಂದಿನ ಅಂಕಿಗಳನ್ನು ಅದು ಪೂರ್ತಿಯಾಗಿ ಕೊಡುವುದಿಲ್ಲ.

ಬಿದ್ದಿರುವುದು ಟ್ರಾಫಿಕ್ಕೋ, ಲೆಕ್ಕವೋ

ಸೈಟಿಗೆ ಬಂದವರನ್ನು ಎಣಿಸುವ ಗೂಗಲ್ ಅನಾಲಿಟಿಕ್ಸ್ ಮತ್ತು ಸರ್ಚ್ ಕನ್ಸೋಲ್ ಎರಡನ್ನೂ ಅಕ್ಕಪಕ್ಕ ತೆರೆಯಿರಿ. ಅನಾಲಿಟಿಕ್ಸ್‌ನಲ್ಲಿ ಭೇಟಿಗಳು ಅರ್ಧಕ್ಕಿಳಿದು, ಸರ್ಚ್ ಕನ್ಸೋಲ್‌ನಲ್ಲಿ ಕ್ಲಿಕ್‌ಗಳು ಹಾಗೇ ಇದ್ದರೆ ನಿಮ್ಮ ರ‍್ಯಾಂಕಿಂಗ್‌ಗೆ ಏನೂ ಆಗಿಲ್ಲ. ಥೀಮ್ ಅಪ್‌ಡೇಟ್ ಮಾಡುವಾಗ ಅಳತೆಯ ಟ್ಯಾಗ್ ಕಳಚಿಹೋಗಿರುತ್ತದೆ, ಇಲ್ಲವೇ ಹೊಸದಾಗಿ ಹಾಕಿದ ಕುಕೀ ಒಪ್ಪಿಗೆಯ ಪಟ್ಟಿ ಅದನ್ನು ತಡೆದಿರುತ್ತದೆ. ಪುಟದ ಸೋರ್ಸ್ ತೆರೆದು ಟ್ಯಾಗ್ ಇದೆಯೇ ನೋಡಿ, ಹಾಕಿ, ಮುಗಿಯಿತು.

ಸರ್ಚ್ ಕನ್ಸೋಲ್‌ನಲ್ಲೂ ಇಳಿದಿದ್ದರೆ ದಿನಾಂಕ ನೋಡಿಕೊಳ್ಳಿ. ಕೊನೆಯ ಎರಡು-ಮೂರು ದಿನಗಳ ಅಂಕಿಗಳು ಇನ್ನೂ ಪಕ್ವವಾಗಿರುವುದಿಲ್ಲ. ಗ್ರಾಫ್‌ನಲ್ಲಿ ಆ ಭಾಗ ಚುಕ್ಕಿಗೆರೆಯಾಗಿ ಕಾಣುವುದೂ ಅದಕ್ಕೇ. ಅಲ್ಲಿನ ದಿನ ಲೆಕ್ಕಕ್ಕೆ ಬರುವುದು ಅಮೆರಿಕದ ಪೆಸಿಫಿಕ್ ಸಮಯದ ಪ್ರಕಾರ, ನಿಮ್ಮ ಗಡಿಯಾರದ ಪ್ರಕಾರವಲ್ಲ. ಆದ್ದರಿಂದ "ನಿನ್ನೆ ಬಿತ್ತು" ಎಂಬ ಮಾತಿಗೆ ಬೆಲೆ ಕೊಡಬೇಡಿ. ಭಾನುವಾರವನ್ನು ಸೋಮವಾರದ ಜೊತೆ ಹೋಲಿಸುವುದೂ ತಪ್ಪು. ಪೂರ್ತಿ 7 ದಿನವನ್ನು ಹಿಂದಿನ 7 ದಿನದ ಜೊತೆ, ಆಮೇಲೆ ಕಳೆದ ವರ್ಷದ ಅದೇ ವಾರದ ಜೊತೆ ಹೋಲಿಸಿ. ಸರ್ಚ್ ಕನ್ಸೋಲ್ 16 ತಿಂಗಳ ಅಂಕಿ ಇಟ್ಟುಕೊಂಡಿರುತ್ತದಾದ್ದರಿಂದ ವರ್ಷದ ಹೋಲಿಕೆಗೆ ಅಡ್ಡಿಯಿಲ್ಲ. ಕಳೆದ ವರ್ಷವೂ ಇದೇ ವಾರದಲ್ಲಿ ಇದೇ ತಗ್ಗು ಕಂಡರೆ ಅದು ಋತುಮಾನ. ಗೂಗಲ್ ಟ್ರೆಂಡ್ಸ್‌ನಲ್ಲಿ ನಿಮ್ಮ ಮುಖ್ಯ ಹುಡುಕುಪದ ಹಾಕಿದರೆ ಆ ತಗ್ಗು ಅಲ್ಲೂ ಕಾಣಬೇಕು.

ಅಳತೆಗೋಲೇ ಬದಲಾಗುವುದೂ ಉಂಟು. 2025ರ ಸೆಪ್ಟೆಂಬರ್‌ನಲ್ಲಿ ಒಂದೇ ಪುಟದಲ್ಲಿ 100 ಫಲಿತಾಂಶ ತರಿಸುವ ದಾರಿಯನ್ನು ಗೂಗಲ್ ಮುಚ್ಚಿತು. ರ‍್ಯಾಂಕ್ ನೋಡುವ ಯಂತ್ರಗಳು ಬಳಸುತ್ತಿದ್ದದ್ದು ಅದೇ ದಾರಿ. ಅದು ಮುಚ್ಚಿದ ಹೊತ್ತಿಗೇ ಬಹಳಷ್ಟು ಸೈಟುಗಳಲ್ಲಿ ಇಂಪ್ರೆಶನ್ (ಫಲಿತಾಂಶಗಳಲ್ಲಿ ಪುಟ ಕಾಣಿಸಿಕೊಂಡ ಎಣಿಕೆ) ಧೊಪ್ಪೆಂದು ಬಿತ್ತು, ಸರಾಸರಿ ಸ್ಥಾನ ಮಾತ್ರ "ಸುಧಾರಿಸಿತು". ಕ್ಲಿಕ್‌ಗಳು ಮಾತ್ರ ಇದ್ದಲ್ಲೇ ಇದ್ದವು. ಹೋಲಿಕೆಯ ಅವಧಿ ಆ ತಿಂಗಳನ್ನು ದಾಟುತ್ತಿದ್ದರೆ ಇಂಪ್ರೆಶನ್ ಗೆರೆಯನ್ನು ನಂಬಬೇಡಿ.

ಅಂಕಿಗಳನ್ನು ಕೂಡಿಸಿ ಓದುವುದು

ಸರಾಸರಿ ಸ್ಥಾನ ಎಂಬ ಅಂಕಿ ಕಂಗೆಡಿಸುವಷ್ಟು ಬೇರಾವುದೂ ಕಂಗೆಡಿಸುವುದಿಲ್ಲ. ಒಂದು ಪುಟ ಒಂದು ಹುಡುಕುಪದಕ್ಕೆ 4ನೇ ಸ್ಥಾನದಲ್ಲಿದ್ದು, ವಾರಕ್ಕೆ 1000 ಇಂಪ್ರೆಶನ್ ಪಡೆಯುತ್ತಿದೆ ಎನ್ನೋಣ. ಮುಂದಿನ ವಾರ ಆ ಪದಕ್ಕೆ ಸ್ಥಾನ 4, ಇಂಪ್ರೆಶನ್ 1000, ಎರಡೂ ಹಾಗೇ ಇವೆ. ಜೊತೆಗೆ ಅದೇ ಪುಟ ಹೊಸ ಪದಗಳಿಗೆ 50ನೇ ಸ್ಥಾನದಲ್ಲಿ 500 ಬಾರಿ ಕಾಣಿಸಿಕೊಂಡಿತು. ಲೆಕ್ಕ ಹಾಕಿ: 4000ಕ್ಕೆ 25000 ಕೂಡಿಸಿ 1500ರಿಂದ ಭಾಗಿಸಿದರೆ 19.3. ಪರದೆಯಲ್ಲಿ 4ರಿಂದ 19ಕ್ಕೆ ಬಿದ್ದಂತೆ ಕಾಣುತ್ತದೆ. ನಿಜದಲ್ಲಿ ಪುಟ ಮೊದಲಿಗಿಂತ ಹೆಚ್ಚು ಕಡೆ ಕಾಣಿಸಿಕೊಂಡಿದೆ, ಒಂದು ಕ್ಲಿಕ್ಕೂ ಕಳೆದುಹೋಗಿಲ್ಲ. ಇಡೀ ಸೈಟಿನ ಸರಾಸರಿ ಸ್ಥಾನವನ್ನು ನೋಡಿ ಯಾವ ತೀರ್ಮಾನಕ್ಕೂ ಬರಬೇಡಿ. ಒಂದು ಪುಟ, ಒಂದು ಹುಡುಕುಪದ ಎಂದು ಸೋಸಿಕೊಂಡ ಮೇಲೆ ಕಾಣುವ ಸ್ಥಾನಕ್ಕೆ ಮಾತ್ರ ಅರ್ಥವಿದೆ.

ಹಾಗೆ ಸೋಸಿದ ಮೇಲೆ ಸಿಗುವ ಲಕ್ಷಣಗಳು ಇಷ್ಟು. ಸ್ಥಾನ ಹಾಗೇ ಇದ್ದು ಇಂಪ್ರೆಶನ್ ಇಳಿದಿದ್ದರೆ ಜನ ಹುಡುಕುವುದೇ ಕಡಿಮೆಯಾಗಿದೆ. ಸ್ಥಾನ, ಇಂಪ್ರೆಶನ್ ಎರಡೂ ಹಾಗೇ ಇದ್ದು ಕ್ಲಿಕ್ ಮಾತ್ರ ಇಳಿದಿದ್ದರೆ ಫಲಿತಾಂಶದ ಪುಟದ ಚಹರೆ ಬದಲಾಗಿದೆ: ಮೇಲೆ ಎಐ ಓವರ್‌ವ್ಯೂ (ಗೂಗಲ್ ತಾನೇ ಬರೆದು ಕೊಡುವ ಉತ್ತರ) ಬಂದು ಕೂತಿದೆ, ಜಾಹೀರಾತು ಹೆಚ್ಚಿವೆ, ಇಲ್ಲವೇ ನಿಮ್ಮ ಶೀರ್ಷಿಕೆಯನ್ನು ಗೂಗಲ್ ತನಗೆ ಬೇಕಾದಂತೆ ಬದಲಿಸಿ ತೋರಿಸುತ್ತಿದೆ. ಆ ಪದವನ್ನು ಮೊಬೈಲ್‌ನಲ್ಲಿ ಒಮ್ಮೆ ಹುಡುಕಿದರೆ ಕಣ್ಣಿಗೇ ಬೀಳುತ್ತದೆ. ಕೆಲವೇ ಪುಟಗಳು ಪೂರ್ತಿ ಸೊನ್ನೆಗೆ ಇಳಿದು ಉಳಿದವು ಚೆನ್ನಾಗಿದ್ದರೆ ಅವು ಇಂಡೆಕ್ಸ್‌ನಿಂದ (ಗೂಗಲ್ ಇಟ್ಟುಕೊಂಡಿರುವ ಪುಟಗಳ ದಾಖಲೆ) ಹೊರಬಿದ್ದಿರಬೇಕು. ಹಲವು ಪದಗಳಲ್ಲಿ ಸ್ಥಾನ ಇಳಿದು, ಅದರ ಬೆನ್ನಿಗೇ ಇಂಪ್ರೆಶನ್ನೂ ಇಳಿದಿದ್ದರೆ ಮಾತ್ರ ಅದನ್ನು ರ‍್ಯಾಂಕಿಂಗ್ ಬದಲಾವಣೆ ಎನ್ನಬಹುದು.

ಕಾಯುತ್ತ ಕೂರಬಾರದ ದೋಷಗಳು

ಕುಸಿತ ಒಂದೇ ದಿನದಲ್ಲಿ, ಗೋಡೆಯಂತೆ ನೆಟ್ಟಗೆ ಬಿದ್ದಿದ್ದರೆ ಮೊದಲ ಅನುಮಾನ ನಿಮ್ಮ ಸೈಟಿನ ಮೇಲೇ ಇರಲಿ. ಅದರಲ್ಲೂ ಹಿಂದಿನ ವಾರ ಡೆವಲಪರ್ ಏನಾದರೂ "ಸಣ್ಣ ಬದಲಾವಣೆ" ಮಾಡಿದ್ದರಂತೂ ಕೇಳುವುದೇ ಬೇಡ.

ಡೊಮೇನ್ ಹೆಸರಿನ ಮುಂದೆ ಓರೆಗೆರೆ ಹಾಕಿ ರೋಬೋಟ್ಸ್ ಡಾಟ್ ಟಿಎಕ್ಸ್‌ಟಿ (robots.txt) ಕಡತವನ್ನು ತೆರೆಯಿರಿ. ಸರ್ಚ್ ಎಂಜಿನ್‌ಗಳ ಯಂತ್ರಗಳು ಯಾವ ಪುಟಗಳೊಳಗೆ ಬರಬಹುದು ಎಂದು ಹೇಳುವುದು ಅದೇ. ಎರಡೇ ಸಾಲಿನ ಆಟ ಅದು. ಮೊದಲ ಸಾಲಿನಲ್ಲಿ ಯೂಸರ್-ಏಜೆಂಟ್, ಮುಂದೆ ನಕ್ಷತ್ರದ ಗುರುತು. ಎರಡನೆಯ ಸಾಲಿನಲ್ಲಿ ಡಿಸ್‌ಅಲೋ. ಡಿಸ್‌ಅಲೋ ಮುಂದೆ ಏನೂ ಇಲ್ಲದಿದ್ದರೆ ಎಲ್ಲವೂ ಮುಕ್ತ. ಅಲ್ಲೊಂದು ಒಂಟಿ ಓರೆಗೆರೆ ಇದ್ದರೆ ಇಡೀ ಸೈಟು ಬಂದ್. ಪರೀಕ್ಷೆಗೆಂದು ಇಟ್ಟ ಪ್ರತಿಯನ್ನು ಲೈವ್‌ಗೆ ತರುವಾಗ ಆ ಓರೆಗೆರೆಯೂ ಜೊತೆಗೆ ಬಂದುಬಿಡುತ್ತದೆ. ಸರಿಪಡಿಸಿದ ಮೇಲೂ ಗೂಗಲ್ ಈ ಕಡತದ ಹಳೆಯ ಪ್ರತಿಯನ್ನು ಸಾಮಾನ್ಯವಾಗಿ 24 ಗಂಟೆಯವರೆಗೆ ಇಟ್ಟುಕೊಂಡಿರುತ್ತದೆ. ತಿದ್ದಿದ ಹತ್ತು ನಿಮಿಷಕ್ಕೆ ಏನೂ ಬದಲಾಗಲಿಲ್ಲವೆಂದು ಮತ್ತೆ ತಿದ್ದಲು ಹೋಗಬೇಡಿ.

ನಂತರ ನೋಇಂಡೆಕ್ಸ್. ವರ್ಡ್‌ಪ್ರೆಸ್‌ನಲ್ಲಿ ಸೆಟ್ಟಿಂಗ್ಸ್, ಅದರೊಳಗೆ ರೀಡಿಂಗ್, ಅದರ ತಳದಲ್ಲಿ ಸರ್ಚ್ ಎಂಜಿನ್‌ಗಳನ್ನು ದೂರವಿಡುವ ಒಂದು ಚೌಕವಿದೆ. ಅದರಲ್ಲಿ ಟಿಕ್ ಬಿದ್ದಿದ್ದರೆ ಎಲ್ಲ ಪುಟಗಳಿಗೂ ನೋಇಂಡೆಕ್ಸ್ ಹತ್ತುತ್ತದೆ. ಚೌಕ ಖಾಲಿಯಿದ್ದರೂ ನಿಶ್ಚಿಂತರಾಗಬೇಡಿ: ಎಸ್‌ಇಒ ಪ್ಲಗಿನ್ ಒಂದು ಬಗೆಯ ಪುಟಗಳಿಗೆ ಮಾತ್ರ ಅದನ್ನು ಹಾಕಿರಬಹುದು, ಅಥವಾ ಸರ್ವರ್ ಪುಟದ ಜೊತೆ ಹೋಗುವ ಹೆಡರ್ ಎಂಬ ಮಾಹಿತಿಯಲ್ಲಿ ಎಕ್ಸ್-ರೋಬೋಟ್ಸ್-ಟ್ಯಾಗ್ ರೂಪದಲ್ಲಿ ಕಳಿಸುತ್ತಿರಬಹುದು. ಹೆಡರ್‌ನಲ್ಲಿ ಇರುವುದು ಪುಟದ ಸೋರ್ಸ್‌ನಲ್ಲಿ ಕಾಣುವುದಿಲ್ಲ. ಸರ್ಚ್ ಕನ್ಸೋಲ್‌ನ ಯುಆರ್‌ಎಲ್ ಇನ್‌ಸ್ಪೆಕ್ಷನ್‌ನಲ್ಲಿ ವಿಳಾಸ ಹಾಕಿ ಲೈವ್ ಟೆಸ್ಟ್ ಒತ್ತಿದರೆ ಎರಡೂ ಬಯಲಾಗುತ್ತವೆ. ಇಲ್ಲೊಂದು ತೊಡಕು ಇದೆ. ನೋಇಂಡೆಕ್ಸ್ ತೆಗೆದು, ರೋಬೋಟ್ಸ್ ಕಡತದಲ್ಲಿ ಆ ಪುಟವನ್ನು ತಡೆದೇ ಇಟ್ಟರೆ, ನೀವು ತೆಗೆದದ್ದು ಗೂಗಲ್‌ಗೆ ಗೊತ್ತಾಗುವುದೇ ಇಲ್ಲ. ಅದು ಒಳಗೆ ಬಂದು ನೋಡಿದರೆ ತಾನೇ?

ಮೂರನೆಯದು ಬ್ರೌಸರ್‌ನಲ್ಲಿ ಕಣ್ಣಿಗೆ ಬೀಳದ ದೋಷ: ಫೈರ್‌ವಾಲ್. ನಿಮಗೆ ಸೈಟು ಸಲೀಸಾಗಿ ತೆರೆಯುತ್ತದೆ, ಪುಟಗಳನ್ನು ಓದಲು ಬರುವ ಗೂಗಲ್‌ನ ಯಂತ್ರವಾದ ಗೂಗಲ್‌ಬಾಟ್‌ಗೆ ಮಾತ್ರ 403 (ಪ್ರವೇಶವಿಲ್ಲ) ಅಥವಾ "ನೀವು ಮನುಷ್ಯರೇ?" ಎಂದು ಕೇಳುವ ಪುಟ ಸಿಗುತ್ತಿರುತ್ತದೆ. ದಾಳಿ ತಡೆಯಲೆಂದು ಹಾಕಿದ ನಿಯಮ ಗೂಗಲ್‌ನ ಯಂತ್ರವನ್ನೂ ಕಳ್ಳರ ಪಟ್ಟಿಗೆ ಸೇರಿಸಿರುತ್ತದೆ. ಸರ್ಚ್ ಕನ್ಸೋಲ್‌ನ ಸೆಟ್ಟಿಂಗ್ಸ್‌ನಲ್ಲಿ ಕ್ರಾಲ್ ಸ್ಟ್ಯಾಟ್ಸ್ (ಗೂಗಲ್‌ಬಾಟ್ ಪುಟಗಳನ್ನು ಓದಿದ, ಅಂದರೆ ಕ್ರಾಲ್ ಮಾಡಿದ, ಲೆಕ್ಕ) ತೆರೆದು ಕಳೆದ 90 ದಿನಗಳ ಉತ್ತರದ ಸಂಕೇತಗಳನ್ನು ನೋಡಿ. 200 (ಪುಟ ಸರಿಯಾಗಿ ಸಿಕ್ಕಿತು) ಎಂಬುದು ಬಹುಪಾಲು ಇರಬೇಕು. 403, 429 (ಕೋರಿಕೆ ಅತಿಯಾಯಿತು) ಅಥವಾ 500ರ ಸರಣಿ (ಸರ್ವರ್ ದೋಷ) ದಿಢೀರನೆ ಹೆಚ್ಚಿದ್ದು, ಆ ದಿನಾಂಕವೂ ಕುಸಿತದ ದಿನಾಂಕವೂ ಹೊಂದುತ್ತಿದ್ದರೆ ಕಾಯಿಲೆ ಸಿಕ್ಕಿತು. ಫೈರ್‌ವಾಲ್‌ನಲ್ಲಿ ದಾರಿ ಬಿಡುವಾಗ "ಗೂಗಲ್‌ಬಾಟ್" ಎಂಬ ಹೆಸರು ನೋಡಿ ಬಿಡಬೇಡಿ, ಆ ಹೆಸರನ್ನು ಯಾರು ಬೇಕಾದರೂ ಇಟ್ಟುಕೊಳ್ಳಬಹುದು. ಐಪಿ ವಿಳಾಸವನ್ನು ಹಿಮ್ಮುಖವಾಗಿ ಡಿಎನ್‌ಎಸ್‌ನಲ್ಲಿ (ಡೊಮೇನ್ ಹೆಸರು, ಐಪಿಗಳನ್ನು ಹೊಂದಿಸುವ ದಾಖಲೆ) ಕೇಳಿದಾಗ ಗೂಗಲ್‌ನ ಡೊಮೇನ್ ಬರಬೇಕು, ಆ ಹೆಸರನ್ನು ಮತ್ತೆ ಕೇಳಿದಾಗ ಅದೇ ಐಪಿ ಬರಬೇಕು.

ಸರ್ವರ್ ಸೋತಾಗ ರೋಬೋಟ್ಸ್ ಕಡತವೇ 500 ಸರಣಿಯ ದೋಷ ಕೊಡುವುದುಂಟು. ಆಗ ಮೊದಲ 12 ಗಂಟೆ ಗೂಗಲ್ ಇಡೀ ಸೈಟನ್ನು ಕ್ರಾಲ್ ಮಾಡುವುದನ್ನೇ ನಿಲ್ಲಿಸುತ್ತದೆ. ಆಮೇಲೆ 30 ದಿನಗಳವರೆಗೆ ಕೊನೆಯ ಬಾರಿ ಸರಿಯಾಗಿ ಸಿಕ್ಕ ಪ್ರತಿಯನ್ನೇ ನಂಬಿ ನಡೆಯುತ್ತದೆ. ದುರಸ್ತಿಗೆಂದು 503 (ತಾತ್ಕಾಲಿಕವಾಗಿ ಲಭ್ಯವಿಲ್ಲ) ಹಾಕಿ ಸೈಟು ಮುಚ್ಚುವುದಾದರೆ ಒಂದೆರಡು ದಿನಕ್ಕಿಂತ ಹೆಚ್ಚು ಎಳೆಯಬೇಡಿ, ಪುಟಗಳು ಇಂಡೆಕ್ಸ್‌ನಿಂದ ಉದುರತೊಡಗುತ್ತವೆ.

ವಿನ್ಯಾಸ ಅಥವಾ ಡೊಮೇನ್ ಬದಲಿಸಿದ ನಂತರದ ಕುಸಿತಕ್ಕೆ ಕಾರಣ ಬಹುತೇಕ ರೀಡೈರೆಕ್ಟ್, ಅಂದರೆ ಹಳೆಯ ವಿಳಾಸವನ್ನು ಹೊಸದಕ್ಕೆ ತಿರುಗಿಸುವ ಬಗೆ. ಹಳೆಯ ವಿಳಾಸಗಳನ್ನೆಲ್ಲ ಮುಖಪುಟಕ್ಕೆ ತಿರುಗಿಸಿದರೆ ಗೂಗಲ್ ಅವನ್ನು "ಪುಟ ಇಲ್ಲ" ಎಂದೇ ಬಗೆಯುತ್ತದೆ. ಒಂದೊಂದು ಹಳೆಯ ಪುಟವೂ ತನಗೆ ಸರಿಸಾಟಿಯಾದ ಹೊಸ ಪುಟಕ್ಕೇ 301 (ಶಾಶ್ವತ ರೀಡೈರೆಕ್ಟ್) ಮೂಲಕ ಹೋಗಬೇಕು, ಕನಿಷ್ಠ ಒಂದು ವರ್ಷ ಹಾಗೇ ಉಳಿಯಬೇಕು. ಹೊಸ ಪುಟಗಳ ಕ್ಯಾನೊನಿಕಲ್ (ಅಸಲಿ ವಿಳಾಸ ಯಾವುದೆಂದು ಹೇಳುವ ಟ್ಯಾಗ್) ಇನ್ನೂ ಪರೀಕ್ಷಾ ಡೊಮೇನ್‌ನತ್ತ ಬೊಟ್ಟು ಮಾಡುತ್ತಿಲ್ಲವಷ್ಟೇ ಎಂದೂ ನೋಡಿ. ಗೂಗಲ್ ಈಗ ಓದುವುದು ಮೊಬೈಲ್ ರೂಪವನ್ನು. ಕಂಪ್ಯೂಟರಿನಲ್ಲಿ ಕಾಣುವ ವಿವರವನ್ನು ಹೊಸ ಥೀಮ್ ಮೊಬೈಲ್‌ನಲ್ಲಿ ಕೈಬಿಟ್ಟಿದ್ದರೆ, ಗೂಗಲ್‌ನ ಮಟ್ಟಿಗೆ ಆ ವಿವರ ಇಲ್ಲವೇ ಇಲ್ಲ.

ಇನ್ನು ಹ್ಯಾಕ್. ಗೂಗಲ್‌ನಲ್ಲಿ site: ಎಂದು ಬರೆದು, ಅದಕ್ಕಂಟಿಸಿ ನಿಮ್ಮ ಡೊಮೇನ್ ಹಾಕಿ ಹುಡುಕಿ. ನೀವು ಬರೆಯದ ಪುಟಗಳು, ಗೊತ್ತಿಲ್ಲದ ಭಾಷೆಯ ಶೀರ್ಷಿಕೆಗಳು ಕಂಡರೆ ಅನುಮಾನವೇ ಬೇಡ. (ಅಲ್ಲಿ ತೋರಿಸುವ ಒಟ್ಟು ಪುಟಗಳ ಸಂಖ್ಯೆಯನ್ನು ನಂಬಬೇಡಿ, ಅದು ಬರೀ ಅಂದಾಜು.) ಅಂಥ ಪುಟ ನಿಮಗೆ ಶುದ್ಧವಾಗಿಯೂ ಗೂಗಲ್‌ಗೆ ಮಾತ್ರ ಕೊಳಕಾಗಿಯೂ ಕಾಣುವಂತೆ ಮಾಡಿರುತ್ತಾರೆ. ಯುಆರ್‌ಎಲ್ ಇನ್‌ಸ್ಪೆಕ್ಷನ್‌ನಲ್ಲಿ ಗೂಗಲ್ ಕಂಡ ರೂಪವನ್ನೇ ನೋಡಿ. ಸರ್ಚ್ ಕನ್ಸೋಲ್‌ನ ಬಳಕೆದಾರರ ಪಟ್ಟಿಯಲ್ಲಿ ಅಪರಿಚಿತ ಒಡೆಯರು ಸೇರಿಕೊಂಡಿದ್ದಾರೆಯೇ ಎಂಬುದನ್ನೂ ನೋಡಿ. ಅವರನ್ನು ತೆಗೆದರಷ್ಟೇ ಸಾಲದು, ದೃಢೀಕರಣಕ್ಕೆ ಅವರು ಇಟ್ಟ ಕಡತವನ್ನೂ ಸರ್ವರ್‌ನಿಂದ ಅಳಿಸಬೇಕು.

ಕೊನೆಗೆ ಸರ್ಚ್ ಕನ್ಸೋಲ್‌ನ ಮೂರು ಪುಟಗಳ ಮೇಲೆ ಕಣ್ಣಾಡಿಸಿ: ಮ್ಯಾನುಯಲ್ ಆ್ಯಕ್ಷನ್ಸ್ (ಗೂಗಲ್ ಸಿಬ್ಬಂದಿ ನೋಡಿ ಹಾಕಿದ ದಂಡನೆ), ಸೆಕ್ಯುರಿಟಿ ಇಶ್ಯೂಸ್ (ಭದ್ರತೆಯ ತೊಂದರೆ), ರಿಮೂವಲ್ಸ್ (ಪುಟ ಮರೆಮಾಡುವ ಕೋರಿಕೆ). ಯಾರೋ ತಿಳಿಯದೆ ರಿಮೂವಲ್ಸ್‌ನಲ್ಲಿ ಕೋರಿಕೆ ಹಾಕಿದ್ದರೆ ಆ ಪುಟ ಸುಮಾರು 6 ತಿಂಗಳು ಮರೆಯಾಗಿರುತ್ತದೆ. ಕೋರಿಕೆ ರದ್ದು ಮಾಡಿದರೆ ಸಾಕು. ಮ್ಯಾನುಯಲ್ ಆ್ಯಕ್ಷನ್ ಇದ್ದರೆ ತಪ್ಪು ತಿದ್ದಿ ಮರುಪರಿಶೀಲನೆಗೆ ಅರ್ಜಿ ಹಾಕಬೇಕು. ಅಲ್ಲಿ ಏನೂ ಇಲ್ಲದಿದ್ದರೆ ಅರ್ಜಿ ಹಾಕುವ ಪ್ರಶ್ನೆಯೇ ಬರುವುದಿಲ್ಲ, ಅಲ್ಗಾರಿದಮ್ ಮುಂದೆ ಮೇಲ್ಮನವಿ ಇಲ್ಲ.

ಮೇಲಿನ ಯಾವುದೇ ದೋಷ ತಿದ್ದಿದ ಮೇಲೆ ಮುಖ್ಯವಾದ ಹತ್ತು-ಹನ್ನೆರಡು ಪುಟಗಳಿಗೆ ಇಂಡೆಕ್ಸಿಂಗ್ ಕೋರಿ, ಉಳಿದವನ್ನು ಸೈಟಿನ ವಿಳಾಸಗಳ ಪಟ್ಟಿಯಾದ ಸೈಟ್‌ಮ್ಯಾಪ್‌ಗೆ ಬಿಡಿ. ಮರುಕ್ರಾಲ್‌ಗೆ ಕೆಲವು ದಿನದಿಂದ ಕೆಲವು ವಾರ ಹಿಡಿಯಬಹುದು. ಒಂದೇ ಪುಟಕ್ಕೆ ಪದೇ ಪದೇ ಕೋರಿಕೆ ಒತ್ತಿದರೆ ಬೇಗವಾಗುವುದಿಲ್ಲ, ದಿನದ ಕೋಟಾ ಖರ್ಚಾಗುತ್ತದೆ ಅಷ್ಟೇ.

ಕಾಯಲೇಬೇಕಾದ ಕುಸಿತ

ಇಷ್ಟೆಲ್ಲ ನೋಡಿಯೂ ದೋಷ ಸಿಗಲಿಲ್ಲ, ಹಲವು ಪುಟಗಳಲ್ಲಿ ಸ್ಥಾನ ನಿಜಕ್ಕೂ ಇಳಿದಿದೆ. ಈಗ ಗೂಗಲ್‌ನ ಸರ್ಚ್ ಸ್ಟೇಟಸ್ ಡ್ಯಾಶ್‌ಬೋರ್ಡ್ ತೆರೆಯಿರಿ. ರ‍್ಯಾಂಕಿಂಗ್ ಅಪ್‌ಡೇಟ್‌ಗಳು ಶುರುವಾದ, ಮುಗಿದ ದಿನಾಂಕಗಳು ಅಲ್ಲಿ ಇರುತ್ತವೆ. ಕೋರ್ ಅಪ್‌ಡೇಟ್ (ಸ್ಥಾನ ನಿರ್ಧರಿಸುವ ವ್ಯವಸ್ಥೆಯಲ್ಲೇ ಗೂಗಲ್ ಮಾಡುವ ವ್ಯಾಪಕ ಬದಲಾವಣೆ) ಎಷ್ಟು ದಿನ ನಡೆಯುತ್ತದೆ ಎಂಬುದಕ್ಕೆ ಲೆಕ್ಕಾಚಾರವಿಲ್ಲ. 2024ರ ಮಾರ್ಚ್ 5ರಂದು ಶುರುವಾದದ್ದು 45 ದಿನ ಹಿಡಿಯಿತು. ಅದೇ ವರ್ಷ ಡಿಸೆಂಬರ್ 12ಕ್ಕೆ ಶುರುವಾದದ್ದು 18ಕ್ಕೆಲ್ಲ ಮುಗಿಯಿತು. 2025ರ ಜೂನ್ 30ರಂದು ಹೊರಟದ್ದು ಜುಲೈ 17ರವರೆಗೆ ಸಾಗಿತು. ಈ ನಡುವೆ ಒಂದೇ ಪುಟ ಮಂಗಳವಾರ ಬಿದ್ದು, ಶುಕ್ರವಾರ ಎದ್ದು, ಮತ್ತೆ ಬೀಳುವುದು ಮಾಮೂಲು. ಕುದಿಯುವ ಪಾತ್ರೆಯಲ್ಲಿ ನೀರಿನ ಮಟ್ಟ ಅಳೆಯಲಾಗದು.

ಗೂಗಲ್ ತಾನೇ ಹೇಳುವ ವಿಧಾನ ಇದು: ಅಪ್‌ಡೇಟ್ ಮುಗಿದಿದೆ ಎಂದು ಘೋಷಣೆಯಾದ ಮೇಲೆ ಕನಿಷ್ಠ ಒಂದು ಪೂರ್ತಿ ವಾರ ಬಿಡಿ. ನಂತರ ಆ ವಾರವನ್ನು ಅಪ್‌ಡೇಟ್ ಶುರುವಾಗುವ ಮುಂಚಿನ ವಾರದ ಜೊತೆ ಹೋಲಿಸಿ. ನಡುವಿನ ದಿನಗಳನ್ನು ಹೋಲಿಕೆಯಿಂದ ಪೂರ್ತಿ ಕೈಬಿಡಿ. ವೆಬ್, ಚಿತ್ರ, ವೀಡಿಯೊ, ನ್ಯೂಸ್ ಇವನ್ನು ಬೇರೆ ಬೇರೆ ನೋಡಿ. ಹುಡುಕದೆಯೇ ಫೋನಿನಲ್ಲಿ ಬರಹ ತೋರಿಸುವ ಡಿಸ್ಕವರ್‌ನಿಂದ ಬರುವ ಟ್ರಾಫಿಕ್ ಸುಮ್ಮನಿದ್ದಾಗಲೂ ಏರಿಳಿಯುವಂಥದ್ದು. ಅದನ್ನು ಇದರೊಳಗೆ ಬೆರೆಸಿದರೆ ಲೆಕ್ಕ ಕೆಡುತ್ತದೆ.

ಈ ಅವಧಿಯಲ್ಲಿ ಮಾಡಬಾರದ್ದರ ಪಟ್ಟಿ ಉದ್ದವಿದೆ, ಆದರೆ ಎಲ್ಲದರ ಬೇರು ಒಂದೇ: ಹಿಂದಕ್ಕೆ ತರಲಾಗದ ಬದಲಾವಣೆ. ವಿಳಾಸಗಳ ರಚನೆ ಬದಲಿಸಬೇಡಿ, ಡೊಮೇನ್ ಬದಲಿಸಬೇಡಿ, ನೂರಾರು ಪುಟಗಳನ್ನು ಒಟ್ಟಿಗೆ ಅಳಿಸಬೇಡಿ. ಎರಡು ವಿಭಾಗ ಬಿದ್ದಿದೆಯೆಂದು ಇಡೀ ಸೈಟಿನ ಶೀರ್ಷಿಕೆಗಳನ್ನು ತಿದ್ದುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಒಳಗೆ ಒಂದಕ್ಷರ ಬದಲಿಸದೆ ಮೇಲಿನ ದಿನಾಂಕ ಮಾತ್ರ ಹೊಸದು ಮಾಡುವ ಚಾಳಿಯನ್ನು ಗೂಗಲ್ ಹೆಸರಿಟ್ಟೇ ಬೇಡವೆಂದಿದೆ. ಡಿಸ್‌ಅವೋ ಕಡತದ (ಈ ಲಿಂಕ್‌ಗಳನ್ನು ಲೆಕ್ಕಕ್ಕೆ ಹಿಡಿಯಬೇಡ ಎಂದು ಗೂಗಲ್‌ಗೆ ಕೊಡುವ ಪಟ್ಟಿ) ಸಹವಾಸ ಬೇಡ: ಲಿಂಕ್ ಕೊಂಡ ಚರಿತ್ರೆ ನಿಮಗಿದ್ದರೆ ಅಥವಾ ಲಿಂಕ್‌ಗಳ ಬಗ್ಗೆ ಮ್ಯಾನುಯಲ್ ಆ್ಯಕ್ಷನ್ ಬಂದಿದ್ದರೆ ಮಾತ್ರ ಅದು. ಗುರುತು ಸಿಗದ ಕೆಟ್ಟ ಸೈಟುಗಳು ನಿಮಗೆ ಲಿಂಕ್ ಕೊಟ್ಟಿರುವುದು ಎಲ್ಲ ಸೈಟುಗಳ ಹಣೆಬರಹ, ಕುಸಿತಕ್ಕೆ ಕಾರಣ ಅದಲ್ಲ.

ಹಾಗಾದರೆ ಕೈಕಟ್ಟಿ ಕೂರಬೇಕೇ? ಮುರಿದ ಲಿಂಕ್, ಭದ್ರತಾ ಅಪ್‌ಡೇಟ್, ನಿಗದಿಯಂತೆ ಪ್ರಕಟವಾಗಬೇಕಿದ್ದ ಬರಹ ಇವು ನಡೆಯಲಿ. ಒಂದು ಶೀಟ್‌ನಲ್ಲಿ ಮೂರೇ ಕಂಬಸಾಲು ಮಾಡಿ: ದಿನಾಂಕ, ಏನು ಬದಲಿಸಿದ್ದು, ಯಾವ ಪುಟಗಳಲ್ಲಿ. ಪ್ಲಗಿನ್ ಅಪ್‌ಡೇಟ್ ಆದರೂ ಬರೆದಿಡಿ. ಮುಂದೆ ಕಾರಣ ಹುಡುಕುವಾಗ ದುಬಾರಿ ರ‍್ಯಾಂಕ್ ಟ್ರ್ಯಾಕರ್‌ಗಿಂತ ಈ ಶೀಟ್ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಗಂಟೆಗೊಮ್ಮೆ ನಿಮ್ಮದೇ ಫೋನಿನಲ್ಲಿ ಹುಡುಕಿ ನೋಡುವುದನ್ನು ಬಿಡಿ. ಇನ್‌ಕಾಗ್ನಿಟೊ ತೆರೆದರೂ ನೀವಿರುವ ಜಾಗ ಗೂಗಲ್‌ಗೆ ಗೊತ್ತು, ನಿಮಗೆ ಕಂಡ ಸ್ಥಾನ ಬೇರೆಯವರಿಗೆ ಕಾಣುವ ಸ್ಥಾನವಲ್ಲ. ವಾರಕ್ಕೊಂದು ದಿನ, ಒಂದೇ ದಿನ, ಸರ್ಚ್ ಕನ್ಸೋಲ್ ನೋಡಿದರೆ ಸಾಕು.

ಅಪ್‌ಡೇಟ್ ಮುಗಿದ ಮೇಲೆ

2ನೇ ಸ್ಥಾನದಿಂದ 4ಕ್ಕೆ ಇಳಿದಿದ್ದರೆ ದೊಡ್ಡ ಶಸ್ತ್ರಚಿಕಿತ್ಸೆ ಬೇಡ, ಚೆನ್ನಾಗಿರುವುದನ್ನು ಕೆದಕಬೇಡಿ. 4ರಿಂದ 29ಕ್ಕೆ ಇಳಿದಿದ್ದರೆ ಪುಟವನ್ನು ಆಳವಾಗಿ ನೋಡಬೇಕು. ಈ ಎರಡು ಉದಾಹರಣೆಗಳೂ ಗೂಗಲ್ ತನ್ನ ಮಾರ್ಗದರ್ಶಿಯಲ್ಲಿ ಕೊಟ್ಟವೇ.

ಹೋಲಿಕೆಯ ಪಟ್ಟಿಯನ್ನು ಕ್ಲಿಕ್ ವ್ಯತ್ಯಾಸದ ಮೇಲೆ ಜೋಡಿಸಿ, ಹೆಚ್ಚು ಕಳೆದುಕೊಂಡ 20 ಪುಟಗಳನ್ನು ತೆಗೆದಿಡಿ. ಒಂದೊಂದಕ್ಕೂ ಮುಖ್ಯ ಹುಡುಕುಪದ ಬರೆದು, ಈಗ ಮೊದಲ ಐದರಲ್ಲಿ ಯಾವ ಬಗೆಯ ಪುಟಗಳಿವೆ ನೋಡಿ. ನಿಮ್ಮದು ಒಂದು ವಸ್ತುವನ್ನು ಮಾರುವ ಪುಟ, ಮೇಲಿನ ಐದೂ ಹಲವು ವಸ್ತುಗಳನ್ನು ಹೋಲಿಸುವ ಪುಟ ಎಂದಾದರೆ ಹುಡುಕುವವರ ಉದ್ದೇಶವನ್ನು ಗೂಗಲ್ ಬೇರೆಯಾಗಿ ಅರ್ಥ ಮಾಡಿಕೊಂಡಿದೆ. ಅಲ್ಲಿ ಎರಡು ಪ್ಯಾರಾ ಸೇರಿಸಿ ಪ್ರಯೋಜನವಿಲ್ಲ. ಮೇಲಿರುವವೂ ನಿಮ್ಮಂಥದ್ದೇ ಪುಟಗಳಾಗಿದ್ದರೆ ಅವುಗಳಲ್ಲಿರುವ ಯಾವ ಅಳತೆ, ಚಿತ್ರ, ಹಂತ ನಿಮ್ಮಲ್ಲಿಲ್ಲ ಎಂಬುದನ್ನು ಸಂಕೋಚವಿಲ್ಲದೆ ಪಟ್ಟಿ ಮಾಡಿ. ವೇಗದ ಅಂಕಿಗಳಿಗೆ ಇದರಲ್ಲಿ ಸಣ್ಣ ಪಾಲು ಮಾತ್ರ. ಎಲ್‌ಸಿಪಿ (ಮುಖ್ಯ ಭಾಗ ಕಾಣಲು ಹಿಡಿಯುವ ಹೊತ್ತು) 2.5 ಸೆಕೆಂಡ್, ಐಎನ್‌ಪಿ (ಒತ್ತಿದ್ದಕ್ಕೆ ಪುಟ ಸ್ಪಂದಿಸಲು ಹಿಡಿಯುವ ಹೊತ್ತು) 200 ಮಿಲಿಸೆಕೆಂಡ್, ಸಿಎಲ್‌ಎಸ್ (ತೆರೆಯುವಾಗ ಪುಟ ಜಿಗಿದಾಡುವ ಅಳತೆ) 0.1ರ ಒಳಗಿದ್ದರೆ ಅದನ್ನು ಬಿಟ್ಟು ಮುಂದೆ ಹೋಗಿ. ಹೊರಗಿದ್ದು ಸರಿಪಡಿಸಿದರೆ ವರದಿ ಪೂರ್ತಿ ಬದಲಾಗಲು 28 ದಿನ ಬೇಕು, ಏಕೆಂದರೆ ಅದು 28 ದಿನಗಳ ಅಂಕಿಗಳ ಮೇಲೆ ನಿಂತಿದೆ.

ತಿದ್ದುವಾಗ 20ನ್ನೂ ಒಟ್ಟಿಗೆ ತಿದ್ದಬೇಡಿ. ಒಂದೇ ಬಗೆಯ 10 ಪುಟ ಆರಿಸಿ, 5ನ್ನು ತಿದ್ದಿ, 5ನ್ನು ಹಾಗೇ ಬಿಡಿ. ನಾಲ್ಕು ವಾರ ಕಳೆದು ಎರಡೂ ಗುಂಪು ಹೋಲಿಸಿ. ಎರಡೂ ಸಮನಾಗಿ ಏರಿದ್ದರೆ ಏರಿಸಿದ್ದು ನಿಮ್ಮ ತಿದ್ದುಪಡಿಯಲ್ಲ. ತಿದ್ದಿದ ಗುಂಪು ಮಾತ್ರ ಏರಿದ್ದರೆ ಉಳಿದವಕ್ಕೂ ಅದನ್ನೇ ಮಾಡಿ. ಎರಡೂ ಅಲುಗಾಡದಿದ್ದರೆ ತಿದ್ದಿದ್ದು ತಪ್ಪೆಂದು ಹಿಂದಕ್ಕೆ ತರಬೇಡಿ: ಕೆಲವು ಸುಧಾರಣೆಗಳು ಕೆಲವೇ ದಿನಗಳಲ್ಲಿ ಫಲ ಕೊಡುತ್ತವೆ, ಇನ್ನು ಕೆಲವಕ್ಕೆ ಗೂಗಲ್‌ನ ವ್ಯವಸ್ಥೆ ಇಡೀ ಸೈಟಿನ ಬಗ್ಗೆ ಅಭಿಪ್ರಾಯ ಬದಲಿಸಬೇಕಾದ್ದರಿಂದ ತಿಂಗಳುಗಳೇ ಹಿಡಿಯುತ್ತವೆ. ಹಲವು ಬಾರಿ ಮುಂದಿನ ಕೋರ್ ಅಪ್‌ಡೇಟ್‌ವರೆಗೂ ಅಂಕಿ ಮಿಸುಕುವುದಿಲ್ಲ, ಆಗಲೂ ಹಳೆಯ ಸ್ಥಾನ ಸಿಕ್ಕೇ ಸಿಗುತ್ತದೆ ಎಂಬ ಖಾತರಿ ಇಲ್ಲ. ಘೋಷಿಸದ ಸಣ್ಣ ಕೋರ್ ಅಪ್‌ಡೇಟ್‌ಗಳೂ ನಡುನಡುವೆ ಬರುತ್ತಿರುತ್ತವೆ. ಡ್ಯಾಶ್‌ಬೋರ್ಡ್‌ನಲ್ಲಿ ಏನೂ ಇಲ್ಲದ ವಾರ ಗೆರೆ ಅಲುಗಾಡಿದರೆ ಶೀಟ್‌ನಲ್ಲಿ ಆ ದಿನಾಂಕ ಗುರುತು ಹಾಕಿ, ಮೊದಲ ಹಂತದ ತಪಾಸಣೆಯನ್ನು ಮತ್ತೆ ಮಾಡಿ.